ನೆಗೆಟಿವ್ ಇಟ್ಟುಕೊಂಡಿದ್ದೀರಾ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಹಾಡಿನ ಬಗ್ಗೆ, ನಾಟಕದ ಬಗ್ಗೆ, ಇಲ್ಲವೇ 'ಪ್ರಸಾರದ ಸಮಯ ಯಾಕೆ ಬದಲಾಯಿಸಿದಿರಿ' ಎಂಬ ತಕರಾರಿನವು. ಇತ್ತೀಚೆಗೆ ಡೊಂಬಿವಲಿಯ ಕೇಳುಗರೊಬ್ಬರು ಕೇಳಿದ್ದು ಬೇರೆಯೇ ಥರದ್ದು. ಅವರು ನಿವೃತ್ತರಾದ ಮೇಲೆ ಮಗ ಒಂದು ಒಳ್ಳೆಯ ಕ್ಯಾಮರಾ ತಂದುಕೊಟ್ಟಿದ್ದಾನೆ. ಅದರ ಮೆನುವಿನಲ್ಲಿ 'ಜೆಪೆಗ್' ಎಂದೂ 'ರಾ' ಎಂದೂ ಎರಡು ಆಯ್ಕೆಗಳಿವೆ. ರಾ ಇಟ್ಟರೆ ಕಾರ್ಡು ಬೇಗ ತುಂಬುತ್ತದೆ, ಚಿತ್ರ ಮಂಕಾಗಿ ಕಾಣುತ್ತದೆ, ಫೋನಿಗೆ ಕಳಿಸಿದರೆ ಎಷ್ಟೋ ಸಲ ತೆರೆಯುವುದೇ ಇಲ್ಲ. 'ಹಾಗಿದ್ದ ಮೇಲೆ ಅದು ಇರುವುದಾದರೂ ಯಾತಕ್ಕೆ?'

ಇಂಗ್ಲಿಷಿನ 'ರಾ' ಎಂದರೆ ಹಸಿ, ಬೇಯಿಸದ್ದು. ಕ್ಯಾಮರಾದ ಒಳಗಿನ ಸೆನ್ಸರ್ ತನ್ನ ಮೇಲೆ ಬಿದ್ದ ಬೆಳಕನ್ನು ಅಳೆದು ಬರೆದುಕೊಂಡ ಲೆಕ್ಕವನ್ನು ಹಾಗೆಹಾಗೆಯೇ ಕೊಡುವ ಕಡತ ಅದು. ಉಡುಪಿ ಹೋಟೆಲಿನ ಅಡುಗೆಮನೆ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ರಾ ಎಂದರೆ ಹಿಟ್ಟು, ಜೆಪೆಗ್ ಎಂದರೆ ಮೇಜಿಗೆ ಬಂದ ದೋಸೆ. ಹಿಟ್ಟು ಕೈಯಲ್ಲಿದ್ದರೆ ಸೆಟ್ ದೋಸೆಯೋ ಉತ್ತಪ್ಪವೋ ಆಮೇಲೆ ಯೋಚಿಸಬಹುದು. ದೋಸೆಯನ್ನು ಮತ್ತೆ ಹಿಟ್ಟು ಮಾಡುವುದು ಯಾವ ಭಟ್ಟರಿಂದಲೂ ಆಗದ ಕೆಲಸ. ಲೆಕ್ಕದಲ್ಲಿ ಹೇಳುವುದಾದರೆ, ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು. 12 ಬಿಟ್ಟಿನ ರಾ ಕಡತದಲ್ಲಿ 4,096. 14 ಬಿಟ್ಟಿನದಾದರೆ 16,384. ಉಳಿದ ಮೆಟ್ಟಿಲುಗಳನ್ನು ಕ್ಯಾಮರಾ ತನ್ನ ಬುದ್ಧಿಗೆ ತೋಚಿದಂತೆ ಎಸೆದ ಮೇಲೆ ನಮ್ಮ ಕೈಗೆ ಬರುವುದು ಜೆಪೆಗ್.

ಆದರೆ ನಲವತ್ತು ದಾಟಿದ ನಮ್ಮ ಕೇಳುಗರಿಗೆ ಇದಕ್ಕಿಂತ ಹತ್ತಿರದ ಉತ್ತರವೊಂದಿದೆ. ರಾ ಎಂದರೆ ನೆಗೆಟಿವ್.

ಥಾಣೆಯಿಂದ ಕಲ್ಯಾಣದವರೆಗೆ ಯಾವ ಸ್ಟೇಷನ್ನಿನಲ್ಲಿ ಇಳಿದರೂ ಹೊರಗೆ ಒಂದು ಫೋಟೋ ಸ್ಟುಡಿಯೋ ಇದ್ದ ಕಾಲ ನೆನಪಿರಬಹುದು. ಆಗ್ಫಾ ಕ್ಲಿಕ್ ತ್ರೀ ಕ್ಯಾಮರಾ ಇದ್ದ ಮನೆಯೆಂದರೆ ಸ್ವಲ್ಪ ಅನುಕೂಲಸ್ಥರ ಮನೆ. ರೋಲಿಗೆ ಹನ್ನೆರಡೇ ಚಿತ್ರ. ಊಟಿಯ ಹಿಂದುಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ 'ಇಂದು' ಫಿಲಂ ಅನ್ನೂ ಹಾಕಿ ತೆಗೆದವರಿದ್ದಾರೆ; ಆ ಕಾರ್ಖಾನೆ ಈಗ ಇಲ್ಲ. ರೋಲು ತೊಳೆಸಿದರೆ ಒಂದು ಲಕೋಟೆಯಲ್ಲಿ ಫೋಟೋಗಳು, ಅದರ ಹಿಂದಿನ ಜೇಬಿನಲ್ಲಿ ಕಂದುಬಣ್ಣದ ನೆಗೆಟಿವ್ ಪಟ್ಟಿಗಳು. ಊರಿಗೆ ಕಳಿಸಲು ಇನ್ನೊಂದು ಕಾಪಿ ಬೇಕೆಂದು ಹೋದರೆ ಅಂಗಡಿಯವನ ಮೊದಲ ಮಾತು, 'ನಿಗೆಟಿವ್ಹ್ ಆಹೇ ಕಾ?' ಇಲ್ಲ ಎಂದರೆ ಅವನ ಮುಖ ಸಣ್ಣದಾಗುತ್ತಿತ್ತು. ಫೋಟೋದಿಂದ ಫೋಟೋ ತೆಗೆದುಕೊಡುತ್ತಿದ್ದ ನಿಜ, ಆದರೆ ಅದರಲ್ಲಿ ಅಜ್ಜಿಯ ಮೂಗುತಿ ಬಿಳಿ ಚುಕ್ಕೆಯಾಗಿ, ಅಜ್ಜನ ಕೋಟು ಕಪ್ಪು ಮುದ್ದೆಯಾಗಿ ಬರುತ್ತಿತ್ತು.

ಕ್ಯಾಮರಾ ನಮ್ಮದಾದರೂ ಚಿತ್ರದ ಕೊನೆಯ ಮಾತು ಲ್ಯಾಬಿನ ಯಂತ್ರದ ಹಿಂದೆ ಕೂತವನದು. ಮದುಮಗಳ ಸೀರೆ ಎಷ್ಟು ಕೆಂಪು, ಆಕಾಶ ಎಷ್ಟು ನೀಲಿ, ಎಲ್ಲ ಅವನ ಬೆರಳ ತುದಿಯ ಗುಂಡಿಗಳಲ್ಲಿ. ಇವತ್ತು ಜೆಪೆಗ್ ಇಟ್ಟುಕೊಂಡು ಚಿತ್ರ ತೆಗೆಯುವವರ ಪಾಡೂ ಅದೇ. ಲ್ಯಾಬು ಕ್ಯಾಮರಾದ ಹೊಟ್ಟೆಯೊಳಗೆ ಸೇರಿಕೊಂಡಿದೆ, ಅಷ್ಟೇ ವ್ಯತ್ಯಾಸ. ಮತ್ತೊಂದು ವ್ಯತ್ಯಾಸ ಇನ್ನೂ ದೊಡ್ಡದು: ಹಳೆಯ ಲ್ಯಾಬಿನವನು ನೆಗೆಟಿವ್ ವಾಪಸು ಕೊಡುತ್ತಿದ್ದ. ಈ ಲ್ಯಾಬು ಅದನ್ನು ಎಸೆದುಬಿಡುತ್ತದೆ. ರೇಡಿಯೋದವರಿಗೆ ಈ ಸಂಕಟ ಹೊಸದಲ್ಲ. ಟೇಪಿಗೆ ಬರಗಾಲವಿದ್ದ ದಿನಗಳಲ್ಲಿ ನಲವತ್ತು ನಿಮಿಷದ ಸಂದರ್ಶನದಿಂದ ಹನ್ನೆರಡು ನಿಮಿಷ ಕತ್ತರಿಸಿ ಪ್ರಸಾರ ಮಾಡಿ, ಮೂಲ ಸ್ಪೂಲನ್ನು ಅಳಿಸಿ ಬೇರೊಂದಕ್ಕೆ ಬಳಸುವುದು ಎಲ್ಲ ಕಡೆಯ ರೂಢಿಯಾಗಿತ್ತು. ಹಾಗೆ ಹೋದ ದನಿಗಳೆಷ್ಟೋ.

ನೆಗೆಟಿವ್ ಎಂಬುದು ಫೋಟೋದ ಜೊತೆಗೇ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 1839ರಲ್ಲಿ ಫ್ರಾನ್ಸಿನ ಡಗೇರ್ ಜಗತ್ತಿಗೆ ಕೊಟ್ಟ ವಿಧಾನದಲ್ಲಿ ಬೆಳ್ಳಿ ಲೇಪದ ತಗಡಿನ ಮೇಲೆ ನೇರವಾಗಿ ಒಂದೇ ಒಂದು ಚಿತ್ರ ಮೂಡುತ್ತಿತ್ತು. ಬಹಳ ಚೆಲುವಾದದ್ದು, ಆದರೆ ಒಂಟಿ. ಅದರಿಂದ ಇನ್ನೊಂದು ಪ್ರತಿ ಮುದ್ರಿಸುವಂತಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ಕ್ಯಾಲೊಟೈಪ್ ವಿಧಾನದಲ್ಲಿ ಕಾಗದದ ಮೇಲೆ ಮೊದಲು ತಿರುಗುಮುರುಗಾದ ಚಿತ್ರ, ಬೆಳಕಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ಬೆಳಕು. ಅದರಿಂದ ಎಷ್ಟು ಪ್ರತಿ ಬೇಕಾದರೂ ಅಷ್ಟು. ಡಗೇರನ ತಗಡಿನಷ್ಟು ನಯವಿಲ್ಲದ ಈ ಮಬ್ಬು ಕಾಗದವೇ ಕೊನೆಗೆ ಗೆದ್ದಿತು.

ಗೆದ್ದದ್ದು ಹೇಗೆಂದು ನೋಡಲು ದೂರ ಹೋಗಬೇಕಿಲ್ಲ. ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಹಳಿ ಕಲ್ಯಾಣಕ್ಕೆ ಮುಟ್ಟಿತು. ಅದೇ 1854ರಲ್ಲಿ ಮುಂಬಯಿಯಲ್ಲಿ ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿಕೊಂಡಿತು. ಬಿಳಿಯರ ಜೊತೆಗೆ ಭಾರತೀಯರೂ ಅದರಲ್ಲಿದ್ದರು, ಡಾ. ಭಾವು ದಾಜಿಯವರ ತಮ್ಮ ಡಾ. ನಾರಾಯಣ ದಾಜಿ ಅವರಲ್ಲೊಬ್ಬರು. ಆಗ ಬಿಜಾಪುರ, ಧಾರವಾಡಗಳು ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದವು. ಹಾಗಾಗಿ 1855ರಲ್ಲಿ ಮುಂಬಯಿ ಸರ್ಕಾರ ಕ್ಯಾಪ್ಟನ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಛಾಯಾಗ್ರಾಹಕನಾಗಿ ನೇಮಿಸಿದಾಗ ಅವನು ಹೊರಟದ್ದು ಕನ್ನಡ ನಾಡಿಗೆ: ಬಿಜಾಪುರ, ಬಾದಾಮಿ, ಐಹೊಳೆ. ಬಿಗ್ಸ್‌ನನ್ನು ಸೈನ್ಯ ವಾಪಸು ಕರೆಸಿಕೊಂಡ ಮೇಲೆ ಮುಂಬಯಿಯ ವೈದ್ಯ ಡಾ. ಪಿಗೂ ಆ ಕೆಲಸ ಮುಂದುವರಿಸಿದ. ಅವರ ಚಿತ್ರಗಳೂ ನೀಲ್ ಎಂಬಾತನ ಚಿತ್ರಗಳೂ ಸೇರಿ 1866ರಲ್ಲಿ ಲಂಡನ್ನಿನಿಂದ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಬಂದವು. ಖರ್ಚಿಗೆ ಮುಂಬಯಿ ವ್ಯಾಪಾರಿಗಳ ಹಣವಿತ್ತು.

ಇವರಿಗೆಲ್ಲ ಇದ್ದ ಕಷ್ಟ ಬಿಸಿಲಿನದು. ಗಾಜಿನ ಹಲಗೆಯ ಮೇಲೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲೇ ಡೇರೆಯ ಕತ್ತಲಲ್ಲಿ ತೊಳೆಯಬೇಕಾದ ಹೊಸ ವಿಧಾನ 1851ರಲ್ಲಿ ಬಂದಿತ್ತು. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಒಗ್ಗುವುದು ಕಷ್ಟ. ಅದಕ್ಕೇ ಇಲ್ಲಿ ಅನೇಕರು ಹಳೆಯ ಕಾಗದವನ್ನೇ ನೆಚ್ಚಿಕೊಂಡರು. ಕಾಗದಕ್ಕೆ ಮೇಣ ಹಚ್ಚಿದರೆ ಬೆಳಕು ಸಲೀಸಾಗಿ ಹಾಯುತ್ತದೆ, ಮೊದಲೇ ಸಿದ್ಧಮಾಡಿ ಒಯ್ಯಬಹುದು, ಬಿಡಾರಕ್ಕೆ ಬಂದ ಮೇಲೆ ತೊಳೆಯಬಹುದು.

ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯಲ್ಲಿ ಮಾಡಿದ್ದು ಇದನ್ನೇ. ಅರವತ್ತಕ್ಕೂ ಹೆಚ್ಚು ಚಿತ್ರಗಳು. ಒಂದೊಂದು ಮೇಣದ ಕಾಗದವೂ ಸುಮಾರು ಒಂದೂವರೆ ಅಡಿ ಅಗಲ. ಆಗ ಹಿಗ್ಗಿಸಿ ಮುದ್ರಿಸುವ ಅನುಕೂಲ ಇರಲಿಲ್ಲವಾದ್ದರಿಂದ ಫೋಟೋ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು. ಆಮೇಲೆ ಜನ ಇವನ್ನು ಮರೆತರು. 1980ರ ಸುಮಾರಿಗೆ ಆ ನೆಗೆಟಿವ್‌ಗಳು ಮತ್ತೆ ಬೆಳಕಿಗೆ ಬಂದವು. ಹಂಪಿಯಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಅವುಗಳಿಂದ ಹೊಸದಾಗಿ ಮುದ್ರಣ ತೆಗೆದದ್ದಲ್ಲದೆ, ಗ್ರೀನ್‌ಲಾ ಕಾಲೂರಿದ್ದ ಜಾಗಗಳನ್ನೇ ಹುಡುಕಿ ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುವುದು ಒಂದೆರಡು ಸಂಗತಿಗಳಲ್ಲ. ವಿಠ್ಠಲ ದೇವಾಲಯದ ಮುಂದಿನ ಕಲ್ಲಿನ ರಥ ನಮಗೆಲ್ಲ ಗೊತ್ತು. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂದೆ ಅದೇ ಇದೆ. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ! ಈಗ ಅದು ಇಲ್ಲ. ಹಂಪಿಯ ರಥ ಹೇಗಿತ್ತು ಎಂಬ ಪ್ರಶ್ನೆಗೆ ನಮ್ಮಲ್ಲಿರುವ ಒಳ್ಳೆಯ ಸಾಕ್ಷಿಗಳಲ್ಲಿ ಒಂದು, ಯಾರೋ ಎಸೆಯದೆ ಇಟ್ಟುಕೊಂಡ ಮೇಣದ ಕಾಗದ. ನೂರು ವರ್ಷಕ್ಕೂ ಹಳೆಯ ಆ ಹಾಳೆಗಳಲ್ಲಿ ಹೊಸ ಮುದ್ರಣಕ್ಕೆ ಸಾಲುವಷ್ಟು ವಿವರ ಇನ್ನೂ ಉಳಿದಿತ್ತು.

ಮುದ್ರಣ ಮಾಡುವವನು ಬದಲಾದರೆ, ಅದೇ ಮನುಷ್ಯನಿಗೆ ವಯಸ್ಸಾದರೂ ಸರಿ, ಅದೇ ನೆಗೆಟಿವ್ ಬೇರೆ ಚಿತ್ರವಾಗುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ ಪಿಯಾನೋ ಕಲಿತು ಛಾಯಾಗ್ರಾಹಕನಾದವನು. ನೆಗೆಟಿವ್ ಅಂದರೆ ಸ್ವರಲಿಪಿ, ಮುದ್ರಣ ಅಂದರೆ ಕಛೇರಿ ಎಂಬ ಅರ್ಥದಲ್ಲಿ ಹೇಳುತ್ತಿದ್ದ. 1941ರಲ್ಲಿ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏಳುವುದನ್ನು ತೆಗೆದ ಅವನ ಚಿತ್ರ ಪ್ರಸಿದ್ಧ. ಅದರಿಂದ ದಶಕಗಳ ಕಾಲ ಸಾವಿರಕ್ಕೂ ಹೆಚ್ಚು ಪ್ರತಿ ಮುದ್ರಿಸಿದ. ಮೊದಮೊದಲಿನ ಪ್ರತಿಗಳಲ್ಲಿ ಆಕಾಶದಲ್ಲಿ ಮೋಡದ ಎಳೆಗಳು ಕಾಣುತ್ತವೆ. ಕೊನೆಕೊನೆಯ ಪ್ರತಿಗಳಲ್ಲಿ ಆಕಾಶ ಕಾಡಿಗೆಯಷ್ಟು ಕಪ್ಪು. ನೆಗೆಟಿವ್ ಒಂದೇ, ರಾಗದ ವಿಸ್ತಾರ ಬೇರೆ.

ಈಗ ಡಿಜಿಟಲ್ಲಿಗೆ ಬರೋಣ. ರೇಡಿಯೋ ಕೇಳುಗರಿಗೆ ಖುಷಿ ಕೊಡುವ ಒಂದು ವಿಷಯವಿದೆ. 1975ರಲ್ಲಿ ಕೊಡಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾ ಚಿತ್ರವನ್ನು ಬರೆದುಕೊಳ್ಳುತ್ತಿದ್ದುದು ಕ್ಯಾಸೆಟ್ಟಿನಲ್ಲಿ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ನೂರು ಸಾಲು, ಸಾಲಿಗೆ ನೂರು ಚುಕ್ಕಿ, ಅದೂ ಕಪ್ಪುಬಿಳುಪು. ಬಣ್ಣದ ದಾರಿ ತೋರಿಸಿದ್ದು ಅದೇ ಕಂಪನಿಯ ಬ್ರೈಸ್ ಬೇಯರ್. ಸೆನ್ಸರಿನ ಚುಕ್ಕಿಗಳಿಗೆ ಬಣ್ಣ ಗೊತ್ತಾಗುವುದಿಲ್ಲ, ಬೆಳಕು ಎಷ್ಟು ಎಂದಷ್ಟೇ ಗೊತ್ತು. ಅದಕ್ಕೆ ಬೇಯರ್ ಪ್ರತಿ ಚುಕ್ಕಿಯ ಮೇಲೂ ಒಂದೊಂದು ಪುಟ್ಟ ಬಣ್ಣದ ಗಾಜು ಕೂರಿಸಿದ. ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಹಸಿರಿಗೆ ಎರಡು ಪಾಲು ಯಾಕೆಂದರೆ ನಮ್ಮ ಕಣ್ಣು ವಿವರ ಗುರುತಿಸುವುದು ಹೆಚ್ಚಾಗಿ ಹಸಿರಿನ ಬೆಳಕಿನಲ್ಲಿ. 1976ರಲ್ಲಿ ಅವನಿಗೆ ಹಕ್ಕುಪತ್ರ ಸಿಕ್ಕಿತು. ಇವತ್ತಿನ ಫೋನುಗಳಲ್ಲೂ ಇರುವುದು ಹೆಚ್ಚುಕಡಿಮೆ ಅದೇ ಏರ್ಪಾಟು. ರಾ ಕಡತ ಎಂದರೆ ಚುಕ್ಕಿ ಇಟ್ಟು ಗೆರೆ ಎಳೆಯದ ರಂಗೋಲಿ. ಪ್ರತಿ ಚುಕ್ಕಿಗೂ ತನ್ನ ಒಂದು ಬಣ್ಣ ಮಾತ್ರ ಗೊತ್ತು. ಪಕ್ಕದ ಚುಕ್ಕಿಗಳನ್ನು ವಿಚಾರಿಸಿ ಉಳಿದ ಎರಡು ಬಣ್ಣಗಳನ್ನು ಊಹಿಸಿ ತುಂಬುವ ಕೆಲಸವನ್ನು ಕ್ಯಾಮರಾ ಮಾಡಬಹುದು ಅಥವಾ ಮನೆಯ ಕಂಪ್ಯೂಟರ್ ಮಾಡಬಹುದು.

ಆರಂಭದ ವೃತ್ತಿಪರ ಡಿಜಿಟಲ್ ಕ್ಯಾಮರಾಗಳು ಹಸಿ ಲೆಕ್ಕವನ್ನೇ ಇಟ್ಟುಕೊಳ್ಳುತ್ತಿದ್ದವು. ಜಾಗ ಉಳಿಸಲೆಂದು 1992ರಲ್ಲಿ ಗೊತ್ತುಪಡಿಸಿದ ಜೆಪೆಗ್ ಮಾನದಂಡ ಆಮೇಲೆ ಎಲ್ಲೆಡೆ ಹಬ್ಬಿತು. 2003ರಲ್ಲಿ ಕ್ಯಾನನ್ 300ಡಿ, 2004ರಲ್ಲಿ ನಿಕಾನ್ ಡಿ70 ಬಂದ ಮೇಲೆ ಮಧ್ಯಮ ವರ್ಗದವರ ಕೈಗೂ ರಾ ಎಟುಕಿತು. ಫೋರ್ಟಿನ ಬೋರಾ ಬಜಾರಿನಲ್ಲಿ ಕ್ಯಾಮರಾ ಕೊಂಡು, ಚೀಲವನ್ನು ಎದೆಗವಚಿಕೊಂಡು ಸಂಜೆಯ ಕಲ್ಯಾಣ್ ಫಾಸ್ಟಿನಲ್ಲಿ ನಿಂತುಕೊಂಡೇ ಮನೆ ಮುಟ್ಟಿದವರು ನಮ್ಮಲ್ಲಿ ಅನೇಕರು. 256 ಎಂಬಿಯ ಕಾರ್ಡು ಆಗ ದೊಡ್ಡದು. ಅದರಲ್ಲಿ ಡಿ70ಯ ರಾ ಚಿತ್ರಗಳು ಹಿಡಿಸುತ್ತಿದ್ದುದು ನಲವತ್ತು ಚಿಲ್ಲರೆ, ಅಂದರೆ ಹಳೆಯ ಒಂದು ರೋಲಿಗಿಂತ ತುಸು ಹೆಚ್ಚು.

ಆದರೆ ನೆಗೆಟಿವ್ ವಾಪಸು ಬಂದಾಗ ಅದಕ್ಕೆ ಬೀಗವೂ ಬಂದಿತ್ತು. ಹಳೆಯ ಫಿಲಂ ಯಾವ ಕಂಪನಿಯದಾದರೂ ಯಾವ ಲ್ಯಾಬಿನಲ್ಲಿ ಬೇಕಾದರೂ ತೊಳೆಸಬಹುದಿತ್ತು. ರಾ ಹಾಗಲ್ಲ, ಒಂದೊಂದು ಕಂಪನಿಗೂ ಒಂದೊಂದು ಗುಟ್ಟಿನ ಲಿಪಿ. ಅಮೆರಿಕದ ಡೇವ್ ಕಾಫಿನ್ ಎಂಬ ಪ್ರೋಗ್ರಾಮರ್ 1997ರಲ್ಲಿ ಆ ಲಿಪಿಗಳನ್ನು ಒಂದೊಂದಾಗಿ ಬಿಡಿಸಿ ಓದುವ 'ಡಿಸಿರಾ' ಎಂಬ ತಂತ್ರಾಂಶ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ನಮ್ಮ ಶಾಸನತಜ್ಞರ ಕೆಲಸದ ಹಾಗೆ ಅನ್ನಿ, ಸಂಬಳವಿಲ್ಲ, ಸದ್ದಿಲ್ಲ. ಅಡೋಬಿ ಕಂಪನಿ 2003ರಲ್ಲಿ ಫೋಟೋಶಾಪಿಗೆ ರಾ ಓದುವ ಸೌಲಭ್ಯ ಸೇರಿಸಿತು. 2004ರಲ್ಲಿ 'ಡಿಎನ್‌ಜಿ' ಎಂಬ ಬಹಿರಂಗ ಲಿಪಿ ಪ್ರಕಟಿಸಿತು. ಹೆಸರಿನ ಅರ್ಥವೇ ಡಿಜಿಟಲ್ ನೆಗೆಟಿವ್. 2005ರಲ್ಲಿ ನಿಕಾನಿನ ಡಿ2ಎಕ್ಸ್ ಕ್ಯಾಮರಾ ಬಿಳಿಬಣ್ಣದ ಹೊಂದಾಣಿಕೆಯ ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆಯುತ್ತಿದೆ ಎಂದು ಗೊತ್ತಾದಾಗ ಛಾಯಾಗ್ರಾಹಕರಲ್ಲಿ ದೊಡ್ಡ ಗದ್ದಲವೇ ಎದ್ದಿತು. ಚಿತ್ರ ತೆಗೆದವನು ನಾನು, ಅದರ ಬೀಗದ ಕೈ ಕಂಪನಿಯ ಹತ್ತಿರ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಾಫಿನ್ ಅದನ್ನೂ ಬಿಡಿಸಿದ. 2007ರಲ್ಲಿ ಲೈಟ್‌ರೂಮ್ ಬಂತು. 2009ರಿಂದ 'ಡಾರ್ಕ್‌ಟೇಬಲ್' ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತಿದೆ. ಹೊಸದಾಗಿ ಕಲಿಯುವವರು ದುಡ್ಡು ಹಾಕುವ ಮೊದಲು ಅದನ್ನೇ ಒಂದೆರಡು ತಿಂಗಳು ಬಳಸಿ ನೋಡಬಹುದು ಎಂಬುದು ನನ್ನ ಅಭಿಪ್ರಾಯ.

ಇಷ್ಟು ಚರಿತ್ರೆ ತಿಳಿದವರಿಗೆ ಕಲಿಯುವುದು ಕಷ್ಟವಲ್ಲ. ಎಲ್ಲಿ ಕಲಿಯುವುದು? ನಮ್ಮ ಸುತ್ತಮುತ್ತಲೇ. ನವಿಮುಂಬಯಿಯ ರಾಜಹಂಸಗಳನ್ನೇ ತೆಗೆದುಕೊಳ್ಳಿ. 2015ರಲ್ಲಿ ಥಾಣೆ ಖಾಡಿಯ ಒಂದು ಭಾಗ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಖಾಡಿಯಲ್ಲಿ ಭರತ ಏರಿ ಕೆಸರುಬಯಲು ಮುಳುಗಿದಾಗ ಹಕ್ಕಿಗಳು ನೆರೂಲ್, ಸೀವುಡ್ಸ್ ಕಡೆಯ ಕೆರೆಗಳಿಗೆ ಹಾರಿ ಬರುತ್ತವೆ. ಅದಕ್ಕೇ ಅಲ್ಲಿನ ಛಾಯಾಗ್ರಾಹಕರು ಹೊರಡುವ ಮೊದಲು ಭರತ-ಇಳಿತದ ವೇಳಾಪಟ್ಟಿ ನೋಡಿಕೊಳ್ಳುತ್ತಾರೆ. ಬೆಳಗಿನ ಕೆಂಪು ಬೆಳಕು, ತಿಳಿಗುಲಾಬಿ ಹಕ್ಕಿ, ಫಳಫಳಿಸುವ ನೀರು. ಜೆಪೆಗ್‌ನಲ್ಲಿ ಮೊದಲು ಕೈಕೊಡುವುದು ಕೆಂಪು. ಅದರ 256 ಮೆಟ್ಟಿಲು ಮುಗಿದ ಜಾಗದಲ್ಲಿ ಗರಿಗಳ ವಿವರ ಹೋಗಿ ಹಕ್ಕಿ ಗುಲಾಬಿ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ರಾ ಆದರೆ ಆ ಗರಿಗಳಲ್ಲಿ ಬಹಳಷ್ಟನ್ನು ಮರಳಿ ತರಬಹುದು.

ಬಹಳಷ್ಟನ್ನು, ಎಲ್ಲವನ್ನೂ ಅಲ್ಲ. ಸೆನ್ಸರಿನ ಚುಕ್ಕಿ ಒಂದು ಲೋಟ ಇದ್ದ ಹಾಗೆ. ಬೆಳಕು ತುಂಬಿ ಚೆಲ್ಲಿದ ಮೇಲೆ ಎಷ್ಟು ಚೆಲ್ಲಿತೆಂಬ ಲೆಕ್ಕ ರಾದಲ್ಲೂ ಇರುವುದಿಲ್ಲ. ಹಾಗಾಗಿ ಹೊಸಬರು ಮೊದಲು ರೂಢಿಸಿಕೊಳ್ಳಬೇಕಾದದ್ದು ಬಿಳಿಯನ್ನು ಕಾಯುವುದು. ಕ್ಯಾಮರಾದ ಪರದೆಯಲ್ಲಿ ಬೆಳಕಿನ ಗುಡ್ಡದಂತಹ ಒಂದು ನಕ್ಷೆ, ಹಿಸ್ಟೋಗ್ರಾಮ್, ಕಾಣುತ್ತದಲ್ಲ, ಆ ಗುಡ್ಡ ಬಲಗಡೆಯ ಗೋಡೆಗೆ ಒರಗಿದ್ದರೆ ಬೆಳಕು ಸ್ವಲ್ಪ ಕಡಿಮೆ ಮಾಡಿ. ಒಂದು ಗುಟ್ಟು: ರಾ ಇಟ್ಟುಕೊಂಡಾಗಲೂ ಸಾಮಾನ್ಯವಾಗಿ ಆ ನಕ್ಷೆಯನ್ನು ಕ್ಯಾಮರಾ ತಯಾರಿಸುವುದು ತಾನೇ ಬೇಯಿಸಿದ ಸಣ್ಣ ಜೆಪೆಗ್‌ನಿಂದ. ಆದ್ದರಿಂದ ಅದು ಹೇಳುವುದಕ್ಕಿಂತ ತುಸು ಹೆಚ್ಚೇ ಜಾಗ ನಿಮಗಿರುತ್ತದೆ. ಆರಂಭದಲ್ಲಿ ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ತೆಗೆಯುವ ಆಯ್ಕೆ ಇಟ್ಟುಕೊಳ್ಳಿ. ಮನೆಯವರಿಗೆ ಕಳಿಸಲು ಜೆಪೆಗ್ ಆಯಿತು, ಕಲಿಯಲು ರಾ ಆಯಿತು.

ಕಲ್ಯಾಣದಾಚೆ ಅಂಬರನಾಥದ ಶಿವಾಲಯಕ್ಕೆ ಹೋದರೆ ಪಾಠ ತಿರುಗುಮುರುಗು. ಶಿಲಾಹಾರರ ಕಾಲದ ಈ ಗುಡಿಯಲ್ಲಿ ಶಕ 982ರ, ಎಂದರೆ ಕ್ರಿ.ಶ. 1060ರ ಶಾಸನವಿದೆ. ಕಪ್ಪು ಕಲ್ಲು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆಕಾಶವನ್ನು ಉಳಿಸಿಕೊಂಡು ತೆಗೆದರೆ ಗೋಡೆಯ ಶಿಲ್ಪಗಳು ಕತ್ತಲೆಗೆ ಜಾರುತ್ತವೆ. ರಾ ಕಡತದಲ್ಲಿ ಆ ಕತ್ತಲನ್ನು ಮೆಲ್ಲಗೆ ಎತ್ತಬಹುದು. ಕಲ್ಲಿನ ಉಳಿಯ ಗುರುತುಗಳು ಎದ್ದು ಬರುವುದನ್ನು ಮೊದಲ ಸಲ ಪರದೆಯ ಮೇಲೆ ಕಂಡವರು ರೋಮಾಂಚನಗೊಳ್ಳುತ್ತಾರೆ. ಅಲ್ಲಿಂದಲೇ ರೋಗ ಶುರು. ಎಲ್ಲ ಕತ್ತಲನ್ನೂ ಎತ್ತುತ್ತಾರೆ. ಗರ್ಭಗುಡಿಯಲ್ಲೂ ಟ್ಯೂಬ್‌ಲೈಟ್ ಹಾಕಿದ ಹಾಗೆ ಆಗುತ್ತದೆ, ಕತ್ತಲೆಯ ಜಾಗದಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಏಳುತ್ತದೆ.

ಈ ರೋಗಕ್ಕೆ ಮದ್ದಾಗಿ ನಮ್ಮವರೇ ಆದ ವಿ.ಕೆ. ಮೂರ್ತಿಯವರ ಕೆಲಸ ನೋಡಿ. ಮೈಸೂರಿನವರು, ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಬಂದು ಗುರುದತ್ತರ ಕ್ಯಾಮರಾಮನ್ ಆದವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಖಾಲಿ ಸ್ಟುಡಿಯೋದೊಳಕ್ಕೆ ಇಳಿಯುವ ಆ ಬೆಳಕಿನ ಕೋಲನ್ನು ಅವರು ಮೂಡಿಸಿದ್ದು ಕನ್ನಡಿಗಳಿಂದ ಸೂರ್ಯನ ಬೆಳಕನ್ನು ತಿರುಗಿಸಿ ಒಳಗೆ ಬಿಟ್ಟು. ಸುತ್ತಲಿನದನ್ನೆಲ್ಲ ಕತ್ತಲಾಗಿಯೇ ಬಿಟ್ಟರು. ಆ ಕತ್ತಲಿಲ್ಲದಿದ್ದರೆ ಆ ಕೋಲೂ ಇಲ್ಲ. ಮುಂದೆ ಕನ್ನಡದ 'ಹೂವು ಹಣ್ಣು' ಚಿತ್ರಕ್ಕೂ ಕೆಲಸ ಮಾಡಿದ ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು; ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ತಂತ್ರಾಂಶದ ಗುಂಡಿಗಳನ್ನು ತಿರುಗಿಸುವ ಮುನ್ನ ಆ ಹಾಡಿನ ದೃಶ್ಯವನ್ನು ಸದ್ದು ನಿಲ್ಲಿಸಿ ಒಮ್ಮೆ ನೋಡಿ. ಹಾಡು ಕೇಳಬೇಡಿ ಎಂದು ರೇಡಿಯೋದವಳು ಹೇಳುವುದು ಇದೊಂದೇ ಸಲ.

ತಿದ್ದುವ ಕ್ರಮ ದೊಡ್ಡದೇನಲ್ಲ. ಮೊದಲು ಬಿಳಿ ನಿಜಕ್ಕೂ ಬಿಳಿಯೇ ಎಂದು ನೋಡುವುದು, ಆಮೇಲೆ ಒಟ್ಟು ಬೆಳಕು, ಆಮೇಲೆ ಅತಿಬೆಳಕು ಮತ್ತು ನೆರಳು, ಬಣ್ಣದ ಗಾಢತೆ ಕೊನೆಗೆ, ಅದೂ ಚಿಟಿಕೆಯಷ್ಟು. ಇದರಲ್ಲಿ ಯಾವುದೂ ಮೂಲ ಕಡತವನ್ನು ಮುಟ್ಟುವುದಿಲ್ಲ. ನಿಮ್ಮ ತಿದ್ದುಪಡಿಗಳು ಬೇರೆಯೇ ಒಂದು ಪಟ್ಟಿಯಲ್ಲಿ ಸೂಚನೆಗಳಾಗಿ ಉಳಿಯುತ್ತವೆ. ಐದು ವರ್ಷದ ಮೇಲೆ ಅಭಿರುಚಿ ಬದಲಾದರೆ ಮತ್ತೆ ಮೊದಲಿನಿಂದ ಶುರುಮಾಡಬಹುದು. ಅಷ್ಟೇ ಅಲ್ಲ, ತಿದ್ದಿದ್ದು ಎಷ್ಟು, ಸುಳ್ಳಾಡಿದ್ದು ಎಷ್ಟು ಎಂಬುದಕ್ಕೆ ಆ ಮೂಲವೇ ಸಾಕ್ಷಿ. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯವರು 2015ರಲ್ಲಿ ಕೊನೆಯ ಹಂತಕ್ಕೆ ಬಂದ ಚಿತ್ರಗಳನ್ನು ಮೂಲ ಕಡತಗಳೊಂದಿಗೆ ಹೋಲಿಸಿ ನೋಡಿ ಶೇಕಡಾ 20ರಷ್ಟನ್ನು ಕೈಬಿಟ್ಟರು.

ಇಟ್ಟುಕೊಳ್ಳುವ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಉಲ್ಲಾಸ್ ನದಿ ಉಕ್ಕಿ ಕಲ್ಯಾಣ, ಬದಲಾಪುರದ ಕಡೆ ನೆಲಮಹಡಿಯ ಮನೆಗಳು ಮುಳುಗಿದವು. ಅಲ್ಮೇರಾದ ಕೆಳಗಿನ ಅರೆಯಲ್ಲಿದ್ದ ಮದುವೆಯ ಆಲ್ಬಮ್ಮುಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಾದವು. ಊರಲ್ಲಿ ಅಕ್ಕನ ಮನೆಯಲ್ಲೋ ಮಾವನ ಮನೆಯಲ್ಲೋ ಇನ್ನೊಂದು ಪ್ರತಿ ಇದ್ದವರು ಬಚಾವಾದರು. ರಾ ಕಡತಗಳಿಗೂ ಅದೇ ನಿಯಮ: ಮನೆಯ ಕಂಪ್ಯೂಟರಿನಲ್ಲಿ ಒಂದು, ಬೇರೆ ಹಾರ್ಡ್‌ಡಿಸ್ಕಿನಲ್ಲಿ ಒಂದು, ಮೂರನೆಯದು ಬೇರೆ ಮನೆಯಲ್ಲಿ. ವಾಟ್ಸಪ್ಪಿನಲ್ಲಿ ಕಳಿಸಿದ್ದೇನೆ, ಅಲ್ಲಿದೆಯಲ್ಲ ಎಂದು ನಂಬಬೇಡಿ. ಮಾಮೂಲಿಯಾಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಕಿರಿದು ಮಾಡಿಯೇ ದಾಟಿಸುವುದು.

ಕಡೆಯದಾಗಿ ಯಕ್ಷಗಾನ. ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹವಿರಲಿ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರವಿರಲಿ, ರಂಗದ ಬೆಳಕು ಯಕ್ಷಗಾನಕ್ಕೆಂದು ಮಾಡಿದ್ದಲ್ಲ. ದೊಂದಿಯ ಬೆಳಕಿಗೆಂದು ಹುಟ್ಟಿದ ಬಣ್ಣಗಳು ಗ್ಯಾಸ್‌ಲೈಟು, ಟ್ಯೂಬ್‌ಲೈಟು ದಾಟಿ ಈಗ ನೇರಳೆ ಎಲ್‌ಇಡಿಯ ಕೆಳಗೆ ನಿಂತಿವೆ. ಇಂಗಳೀಕದ ಕೆಂಪು ಕ್ಯಾಮರಾದಲ್ಲಿ ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ, ಅರದಾಳದ ಹಳದಿ ಹಸಿರಾಗುತ್ತದೆ, ಬಣ್ಣದ ವೇಷದ ಮುಖದ ಮೇಲಿನ ಚುಟ್ಟಿಯ ಬಿಳಿ ನೀಲಿಯಾಗುತ್ತದೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಯಕ್ಷಗಾನವನ್ನು ರಂಗದಲ್ಲಿ ನೋಡುವುದಕ್ಕಿಂತ ಹೆಚ್ಚು ಫೋಟೋದಲ್ಲೇ ನೋಡುತ್ತಾರೆ. ಅವರಿಗೆ ಆ ಬದನೆಕಾಯಿ ಬಣ್ಣವೇ ಯಕ್ಷಗಾನದ ಬಣ್ಣವಾಗಿ ಉಳಿದುಬಿಡಬಹುದು. ಇದನ್ನು ತಡೆಯಲು ಹೊಸಬರಿಂದಲೂ ಆಗುವ ಒಂದು ಕೆಲಸವಿದೆ. ಆಟಕ್ಕೆ ಮುಂಚೆ ಅಪ್ಪಣೆ ಕೇಳಿ ಚೌಕಿಗೆ ಹೋಗಿ. ಬಣ್ಣ ಮುಗಿಸಿದ ವೇಷಧಾರಿಯ ಪಕ್ಕದಲ್ಲಿ ಒಂದು ಬೂದುಬಣ್ಣದ ಕಾರ್ಡು ಹಿಡಿಸಿ, ಮಾಮೂಲಿ ಬಿಳಿ ದೀಪದಲ್ಲಿ ಒಂದು ರಾ ಚಿತ್ರ ತೆಗೆದುಕೊಳ್ಳಿ. ರಂಗದ ಚಿತ್ರಗಳನ್ನು ಅದರ ಪಕ್ಕಕ್ಕಿಟ್ಟು ತಿದ್ದಿ. ಸಾಧ್ಯವಾದರೆ ಮುಂದಿನ ಆಟದ ದಿನ ಲ್ಯಾಪ್‌ಟಾಪ್ ಒಯ್ದು ಆ ಕಲಾವಿದರಿಗೇ ತೋರಿಸಿ, ಕೆಂಪು ಸರಿಯಿದೆಯೇ ಎಂದು ಕೇಳಿ. ಅವರು ಒಪ್ಪಿದ ಪ್ರತಿಯ ಜೊತೆಗೆ ಪ್ರಸಂಗದ ಹೆಸರು, ವೇಷ, ತಾರೀಕು, ಸಭಾಗೃಹ ಇಷ್ಟನ್ನು ಬರೆದಿಡಿ.